ಬುದ್ಧಿಯ ಹಲ್ಲೂ ಇಕ್ಕಳವೂ

ಹಲ್ಲಿನ ಮೇಲೆ ಕನ್ನಡಿಗನು ಕಟ್ಟಿರುವಷ್ಟು ನುಡಿಗಟ್ಟುಗಳನ್ನು ದೇಹದ ಮತ್ತಾವ ಅಂಗದ ಮೇಲಾದರೂ ಕಟ್ಟಿದ್ದಾನೆಯೋ ಇಲ್ಲವೋ. ನಾವು ಹಲ್ಲು ಕಚ್ಚಿ ಸಹಿಸುತ್ತೇವೆ, ಹಲ್ಲು ಗಿಂಜಿ ಬೇಡುತ್ತೇವೆ, ಹಲ್ಲು ಮಸೆದು ಹಗೆ ಸಾಧಿಸುತ್ತೇವೆ. ಕೈಲಾಗದವನನ್ನು ಹಲ್ಲು ಕಿತ್ತ ಹಾವು ಎನ್ನುತ್ತೇವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ವಿಧಿಯನ್ನು ದೂರುತ್ತೇವೆ. ಹಲ್ಲನ್ನು ಕುರಿತು ಇಷ್ಟೆಲ್ಲ ಮಾತಾಡುವ ನಾವು, ನಿಜವಾದ ಹಲ್ಲನ್ನು ಕೀಳಿಸಿಕೊಳ್ಳುವ ಸಮಯ ಬಂದಾಗ ಮಾತ್ರ ಬಾಯಿ ತೆರೆಯುತ್ತೇವೆಯೇ ಹೊರತು ಮಾತಾಡುವುದಿಲ್ಲ.

ಸಾಹಿತ್ಯದ ಪುಟದಲ್ಲಿ ಹಲ್ಲಿನ ವಿಚಾರವೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಹಲ್ಲಿಗೆ ದಂತವೈದ್ಯರಿದ್ದಾರೆ, ಕನ್ನಡ ಮೇಷ್ಟರಿಗೆ ಅಲ್ಲೇನು ಕೆಲಸ? ಕೆಲಸ ಉಂಟು. ಹಲ್ಲನ್ನು ಹೇಗೆ ಕೀಳಬೇಕೆಂಬುದು ವೈದ್ಯರಿಗೆ ಸೇರಿದ ವಿದ್ಯೆ. ಏಕೆ ಕೀಳಬೇಕೆಂಬುದು ಹಲ್ಲಿನ ಒಡೆಯನಿಗೂ ಸೇರಿದ ಪ್ರಶ್ನೆ. ನನ್ನ ವಾದ ಇಷ್ಟೆ. ರೋಗವಿಲ್ಲದ ಹಲ್ಲನ್ನು, ಅದು ಬುದ್ಧಿಯ ಹಲ್ಲೇ ಆಗಿರಲಿ, ಮುಂದೆಂದೋ ತೊಂದರೆ ಕೊಟ್ಟೀತೆಂಬ ಭಯಕ್ಕೆ ಕೀಳಬಾರದು. ಉಳಿಸಬಹುದಾದ ಹಲ್ಲನ್ನು ಅಗ್ಗವಾಯಿತೆಂದು ಕೀಳಿಸಬಾರದು. ಯಾವ ಹಲ್ಲನ್ನೇ ಕೀಳಲಿ, ಕಾರಣವನ್ನು ರೋಗಿಗೆ ಅವನ ನುಡಿಯಲ್ಲಿ ತಿಳಿಸದೆ ಇಕ್ಕಳವನ್ನು ಎತ್ತಬಾರದು.

ಮೊದಲು ಹೆಸರಿನ ಮಾತು. ದವಡೆಯ ತುದಿಯಲ್ಲಿ, ಮೇಲೆ ಎರಡು, ಕೆಳಗೆ ಎರಡು, ಸುಮಾರು 17ರಿಂದ 25ರ ವಯಸ್ಸಿನಲ್ಲಿ ಹುಟ್ಟುವ ಈ ಹಲ್ಲುಗಳಿಗೆ ಬುದ್ಧಿಯನ್ನು ಅಂಟಿಸಿದವರು ನಾವಲ್ಲ. ಬುದ್ಧಿ ಬರುವ ವಯಸ್ಸಿನಲ್ಲಿ ಬರುತ್ತವೆಂದು ಗ್ರೀಕರೂ ಲ್ಯಾಟಿನ್ ಬಲ್ಲವರೂ ಅರಬರೂ ಆ ಹೆಸರಿಟ್ಟರು. ಇಂಗ್ಲಿಷಿನವರು ಅದನ್ನೇ ತಮ್ಮ ನುಡಿಗೆ ತಿರುಗಿಸಿಕೊಂಡರು. ನಾವು ಇಂಗ್ಲಿಷಿನಿಂದ ಎತ್ತಿ ಬುದ್ಧಿ ಹಲ್ಲು, ಜ್ಞಾನದಂತ, ವಿವೇಕದಂತ ಎಂದು ಮೂರು ಬಗೆಯಾಗಿ ಕರೆದೆವು. ಸುಶ್ರುತನಿಗೆ ಈ ಅಲಂಕಾರ ಬೇಕಿರಲಿಲ್ಲ. ಅವನು ದವಡೆಯ ಕಡೆಯ ಹಲ್ಲು ಎಂದಷ್ಟೇ ಹೇಳಿ, ಅದರ ಬಳಿ ದೊಡ್ಡ ಬಾವು, ಭಾರಿ ನೋವು, ಜೊಲ್ಲು ಸುರಿಯುವಿಕೆ ಕಂಡರೆ ಅದನ್ನು ಅಧಿಮಾಂಸಕವೆಂದು ಗುರುತಿಸಬೇಕೆಂದು ನಿದಾನಸ್ಥಾನದಲ್ಲಿ ಬರೆದಿಟ್ಟ. ಅರ್ಧ ಹುಟ್ಟಿದ ಬುದ್ಧಿ ಹಲ್ಲಿನ ಮೇಲೆ ವಸಡು ಮುಸುಕು ಹಾಕಿಕೊಂಡು, ಅದರಡಿ ಅನ್ನದ ಕಣ ಸೇರಿ ಕೀವಾಗುವ ಇಂದಿನ ಬೇನೆಗೂ ಅವನ ವರ್ಣನೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅವನು ಹೇಳಿದ ಚಿಕಿತ್ಸೆಯನ್ನೂ ಗಮನಿಸಬೇಕು: ಹೆಚ್ಚಾಗಿ ಬೆಳೆದ ಮಾಂಸವನ್ನು ಕತ್ತರಿಸಿ ಜೇನಿನಲ್ಲಿ ಕಲಸಿದ ಔಷಧದ ಪುಡಿ ಹಚ್ಚುವುದು. ಹಲ್ಲನ್ನು ಕೀಳೆಂದು ಅಲ್ಲಿ ಅವನು ಹೇಳುವುದಿಲ್ಲ.

ಹಾಗೆಂದು ಬುದ್ಧಿ ಹಲ್ಲನ್ನು ಎಂದೂ ಮುಟ್ಟಬಾರದೆಂದು ಹಟ ಹಿಡಿಯುವವನು ನಾನಲ್ಲ. ಅನೇಕರ ದವಡೆಯಲ್ಲಿ ಅದಕ್ಕೆ ಜಾಗ ಸಾಲುವುದಿಲ್ಲ. ಅದು ಓರೆಯಾಗಿ, ಕೆಲವೊಮ್ಮೆ ಅಡ್ಡಡ್ಡಲಾಗಿ ಎಲುಬಿನಲ್ಲೇ ಸಿಕ್ಕಿಕೊಳ್ಳುತ್ತದೆ. ತುಂಬಿ ಉಳಿಸಲಾಗದಷ್ಟು ಹುಳುಕಾದರೆ, ಬೇರಿನ ತುದಿಯಲ್ಲಿ ಕೀವುಗಟ್ಟಿ ವಾಸಿಯಾಗದಿದ್ದರೆ, ಸುತ್ತ ನೀರುಗಂಟು ಬೆಳೆದು ದವಡೆಯ ಎಲುಬನ್ನು ಟೊಳ್ಳುಮಾಡುತ್ತಿದ್ದರೆ, ಪಕ್ಕದ ಒಳ್ಳೆಯ ಹಲ್ಲಿನ ಬೇರನ್ನು ಕರಗಿಸುತ್ತಿದ್ದರೆ, ವಸಡಿನ ಬಾವು ಮತ್ತೆಮತ್ತೆ ಬರುತ್ತಿದ್ದರೆ ಕೀಳಿಸಲೇಬೇಕು. ಇಂಥ ರೋಗಿಗೆ ಮುಂದೂಡುವ ಸಲಹೆ ಕೊಡುವವನು ಹಿತೈಷಿಯಲ್ಲ. ಆ ಬಾವು ಕುತ್ತಿಗೆಗೆ ಇಳಿದು ಉಸಿರನ್ನೇ ಕಟ್ಟಿಸಬಹುದು. ಬಾಯಿ ತೆರೆಯಲಾಗದೆ, ನುಂಗಲಾಗದೆ, ಜ್ವರ ಏರುತ್ತಿರುವಾಗ ಲವಂಗದೆಣ್ಣೆ ಹಚ್ಚುತ್ತ ಕೂಡುವುದು ಪ್ರಾಣದೊಡನೆ ಆಡುವ ಆಟ.

ನನ್ನ ಜಗಳ ಇಂಥ ಚಿಕಿತ್ಸೆಯೊಡನೆ ಅಲ್ಲ. ನೋವಿಲ್ಲ, ಬಾವಿಲ್ಲ, ಹುಳುಕಿಲ್ಲ. ಎಕ್ಸ್‌ರೇಯಲ್ಲಿ ಓರೆಯಾಗಿ ಕಂಡಿತು ಎಂಬುದೊಂದೇ ಅಪರಾಧಕ್ಕೆ ನಾಲ್ಕು ಹಲ್ಲನ್ನೂ ಒಟ್ಟಿಗೆ ಉರುಳಿಸುವ ಪದ್ಧತಿಯೊಡನೆ. ಅಮೆರಿಕದಲ್ಲಿ ಕಾಲೇಜಿಗೆ ಹೋಗುವ ಮುಂಚೆ ಮಕ್ಕಳಿಗೆ ಈ ಸಂಸ್ಕಾರ ಮಾಡಿಸುವುದು ಮಧ್ಯಮವರ್ಗದವರಲ್ಲಿ ರೂಢಿಯಾಗಿ ಹೋಗಿದೆ. ಅದು ಈಗ ನಮ್ಮ ನಗರಗಳಿಗೂ ಕಾಲಿಟ್ಟಿದೆ. ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಒಂದು ವಾರ ಬರಲಿಲ್ಲ. ಬಂದಾಗ ಕೆನ್ನೆ ಇನ್ನೂ ಊದಿತ್ತು. ಹಲ್ಲಿಗೆ ಕ್ಲಿಪ್ಪು ಹಾಕಿಸಲು ಹೋದವಳ ನಾಲ್ಕು ಬುದ್ಧಿ ಹಲ್ಲುಗಳನ್ನೂ ಕಿತ್ತು ಕಳುಹಿಸಿದ್ದರು. ನೋವಿತ್ತೇನಮ್ಮ ಎಂದೆ. ಇರಲಿಲ್ಲ ಸಾರ್ ಎಂದಳು. ಮತ್ತೇಕೆ ಎಂದೆ. ಗೊತ್ತಿಲ್ಲ ಸಾರ್, ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡರು, ಇಂಗ್ಲಿಷಿನಲ್ಲಿತ್ತು, ಅಪ್ಪನೂ ಓದಲಿಲ್ಲ ಎಂದಳು. ಆ ವೈದ್ಯರಿಗೆ ಒಳ್ಳೆಯ ಕಾರಣವೇ ಇದ್ದಿರಬಹುದು. ನಾನು ತೀರ್ಪು ಕೊಡಲಾರೆ. ಆದರೆ ಕಾರಣವೇನೆಂಬುದು ಹಲ್ಲು ಕಳೆದುಕೊಂಡವಳಿಗೇ ತಿಳಿದಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಈ ಪದ್ಧತಿಯ ಪರವಾಗಿ ಸಾಮಾನ್ಯವಾಗಿ ಮೂರು ವಾದಗಳನ್ನು ಹೂಡುತ್ತಾರೆ. ಒಂದು, ಬುದ್ಧಿ ಹಲ್ಲು ಹಿಂದಿನಿಂದ ತಳ್ಳಿ ಮುಂದಿನ ಹಲ್ಲುಗಳನ್ನು ಸೊಟ್ಟ ಮಾಡುತ್ತದೆ. ಕೇಳಲು ಇದು ಬಸ್ಸಿನ ನೂಕುನುಗ್ಗಲಿನಷ್ಟು ಸಹಜವಾಗಿದೆ. ಪರೀಕ್ಷೆಯಲ್ಲಿ ಮಾತ್ರ ನಿಲ್ಲುವುದಿಲ್ಲ. ವಯಸ್ಸಾದಂತೆ ಕೆಳಗಿನ ಬಾಚಿ ಹಲ್ಲುಗಳು ಒತ್ತೊತ್ತಾಗುವುದು ಬುದ್ಧಿ ಹಲ್ಲು ಇದ್ದವರಲ್ಲೂ ಉಂಟು, ಹುಟ್ಟದೆಯೇ ಹೋದವರಲ್ಲೂ ಉಂಟು. ಅದೊಂದೇ ಕಾರಣಕ್ಕೆ ಕೀಳುವುದಕ್ಕೆ ಆಧಾರ ಸಾಲದೆಂದು 1979ರಲ್ಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಹೇಳಿತ್ತು. ಹೆಂಗಸರಿಗೆ ಗಂಡಸರಿಗಿಂತ ಹಲ್ಲು ಕಡಿಮೆ ಎಂದು ಅರಿಸ್ಟಾಟಲನಂಥ ಅರಿಸ್ಟಾಟಲನೇ ಬರೆದುಬಿಟ್ಟ. ಬಾಯಿ ತೆರೆಸಿ ಎಣಿಸಿದ್ದರೆ ತೀರುತ್ತಿತ್ತು. ಹಲ್ಲಿನ ವಿಷಯದಲ್ಲಿ ಸಹಜವಾಗಿ ತೋರಿದ್ದೆಲ್ಲ ನಿಜವಾಗಬೇಕಿಲ್ಲ.

ಎರಡನೆಯದು, ಇಂದಲ್ಲ ನಾಳೆ ಅದು ಕೆಡುತ್ತದೆ ಎಂಬ ವಾದ. ಕೆಲವರಲ್ಲಿ ಕೆಡುತ್ತದೆ, ಅನೇಕರಲ್ಲಿ ಕೆಡುವುದಿಲ್ಲ. ನೆಗಡಿಯಾದರೆ ಮೂಗನ್ನು ಕೊಯ್ದುಕೊಳ್ಳುತ್ತಾರೆಯೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಇಲ್ಲಿ ನೆಗಡಿಯೂ ಆಗಿಲ್ಲ. ಆದೀತೆಂಬ ಗುಮಾನಿಗೇ ಮೂಗು ಹೋಗುತ್ತಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ 2000ದಲ್ಲಿ ಹೊರಡಿಸಿದ ಈ ಬಗೆಯ ಮೊಟ್ಟಮೊದಲ ನಿರ್ದೇಶನವೇ ಬುದ್ಧಿ ಹಲ್ಲನ್ನು ಕುರಿತದ್ದು: ರೋಗವಿಲ್ಲದೆ ಸಿಕ್ಕಿಕೊಂಡಿರುವ ಬುದ್ಧಿ ಹಲ್ಲನ್ನು ಮುನ್ನೆಚ್ಚರಿಕೆಯೆಂದು ಕೀಳುವುದನ್ನು ನಿಲ್ಲಿಸಬೇಕು. ವಸಡಿನ ಬಾವು ಕೂಡ ಮೊದಲ ಸಲ ಬಂದಾಗ, ತೀರ ಉಗ್ರವಾಗಿಲ್ಲದಿದ್ದರೆ, ಕೀಳಲು ಕಾರಣವಾಗದು. ಮತ್ತೆ ಬಂದರೆ ಯೋಚಿಸಬೇಕು. ಇಂಥ ಹಲ್ಲನ್ನು ಕೀಳುವುದು ಒಳ್ಳೆಯದೋ ಬಿಡುವುದು ಒಳ್ಳೆಯದೋ ಎಂದು ನಿರ್ಧರಿಸಲು ಸಾಕಷ್ಟು ಪುರಾವೆಯಿಲ್ಲವೆಂದು ಜಗತ್ತಿನ ಅಧ್ಯಯನಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2020ರಲ್ಲೂ ಹೇಳಿತು. ಪುರಾವೆ ಸಾಲದೆಡೆಯಲ್ಲಿ ಬಾಯಿಯೊಳಗಿರುವುದನ್ನು ಬಿಡುವವನಿಗಿಂತ ತೆಗೆಯುವವನ ಮೇಲೆಯೇ ಸಮರ್ಥನೆಯ ಹೊರೆ ಹೆಚ್ಚು ಬೀಳಬೇಕಲ್ಲವೇ?

ಮೂರನೆಯ ವಾದ ಹೆಚ್ಚು ಗಟ್ಟಿಯಾದದ್ದು. ಎಳೆಯ ವಯಸ್ಸಿನಲ್ಲಿ ಬೇರು ಪೂರ್ತಿ ಬೆಳೆದಿರುವುದಿಲ್ಲ, ಎಲುಬು ಮೆದುವಾಗಿರುತ್ತದೆ, ಗಾಯ ಬೇಗ ಮಾಯುತ್ತದೆ. ನಲವತ್ತರಲ್ಲಿ ಕೀಳುವುದು ಕಷ್ಟ. ಇದು ನಿಜ. ಇಂಗ್ಲೆಂಡಿನಲ್ಲಿಯೂ ಆ ನಿರ್ದೇಶನದ ಮೇಲೆ ಬುದ್ಧಿ ಹಲ್ಲು ಕೀಳಿಸಿಕೊಳ್ಳುವವರ ಸರಾಸರಿ ವಯಸ್ಸು ಏರಿತು. ಕೆಲವರಲ್ಲಿ ಓರೆಯಾದ ಬುದ್ಧಿ ಹಲ್ಲಿನ ಸಂದಿಯಲ್ಲಿ ಅನ್ನ ಸಿಕ್ಕಿ ಅದರ ಮುಂದಿನ ದವಡೆ ಹಲ್ಲೇ ಹುಳುಕಾಯಿತೆಂದು ಅಲ್ಲಿನ ವೈದ್ಯರೇ ಆಕ್ಷೇಪಿಸಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರಿಂದ ಸಿದ್ಧವಾಗುವುದೇನು? ಬಿಡುವುದೆಂದರೆ ಮರೆಯುವುದಲ್ಲ ಎಂಬುದು. ಕೀಳದೆ ಬಿಟ್ಟ ಹಲ್ಲನ್ನು ಕಾಲಕಾಲಕ್ಕೆ ತೋರಿಸುತ್ತಿರಬೇಕು. ಪಕ್ಕದ ಹಲ್ಲಿಗೆ ಕೆಡುಕಿನ ಮೊದಲ ಗುರುತು ಕಂಡ ದಿನ, ಅಥವಾ ಅದು ನಿಂತಿರುವ ಬಗೆಯಿಂದಲೇ ಕೆಡುಕು ಖಂಡಿತವೆಂದು ವೈದ್ಯರು ಎಕ್ಸ್‌ರೇ ಹಿಡಿದು ತೋರಿಸಿದ ದಿನ, ಕೀಳಿಸಬೇಕು. ಅದು ಕಾರಣ. ‘ಹೇಗೂ ಕೀಳಬೇಕಾದೀತು’ ಎಂಬುದು ಕಾರಣವಲ್ಲ, ಭವಿಷ್ಯ ಹೇಳುವುದು.

ಕೀಳುವುದರಿಂದ ನಷ್ಟವೇನೂ ಇಲ್ಲದಿದ್ದರೆ ಈ ವಾದವೆಲ್ಲ ಬೇಕಿರಲಿಲ್ಲ. ಕೆಳದವಡೆಯ ಬುದ್ಧಿ ಹಲ್ಲಿನ ಬೇರಿನಡಿಯಲ್ಲಿ ತುಟಿ ಗಲ್ಲಗಳಿಗೆ ಹೋಗುವ ನರ ಹರಿಯುತ್ತದೆ. ಒಳಬದಿಯಲ್ಲಿ ನಾಲಿಗೆಯ ನರವಿದೆ. ಅವಕ್ಕೆ ಪೆಟ್ಟಾದರೆ ತುಟಿಯೋ ನಾಲಿಗೆಯೋ ಜೋಮು ಹಿಡಿಯುತ್ತದೆ. ಬಹುಮಂದಿಯಲ್ಲಿ ಅದು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಕೆಲವೇ ಕೆಲವರಲ್ಲಿ ಜನ್ಮಪೂರ್ತಿ ಉಳಿಯುತ್ತದೆ. ಪ್ರಮಾಣ ಸಣ್ಣದೇ. ಆದರೆ ಲಕ್ಷಗಟ್ಟಲೆ ಜನರಿಗೆ ಮಾಡಿದಾಗ ಸಣ್ಣ ಪ್ರಮಾಣವೂ ದೊಡ್ಡ ಗುಂಪಾಗುತ್ತದೆ. ಜೇ ಫ್ರೀಡ್‌ಮನ್ ಎಂಬ ಅಮೆರಿಕದ ದಂತವೈದ್ಯರು 2007ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಪತ್ರಿಕೆಯಲ್ಲಿ ಹಾಕಿದ ಲೆಕ್ಕದಂತೆ, ಆ ದೇಶದಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಜನರಿಂದ 1 ಕೋಟಿ ಬುದ್ಧಿ ಹಲ್ಲುಗಳನ್ನು ಕೀಳಲಾಗುತ್ತಿತ್ತು. ವೆಚ್ಚ 300 ಕೋಟಿ ಡಾಲರಿಗೂ ಮಿಕ್ಕು. ಶಾಶ್ವತವಾಗಿ ಜೋಮು ಹಿಡಿದವರು 11,000ಕ್ಕೂ ಹೆಚ್ಚು. ಇದರಲ್ಲಿ ಮೂರರಲ್ಲಿ ಎರಡು ಪಾಲಾದರೂ ಅನವಶ್ಯಕವೆಂದು ಅವರ ವಾದ. ರೋಗವಿದ್ದವನು ಈ ಅಪಾಯವನ್ನು ತಲೆಯ ಮೇಲೆ ಹೊರುವುದು ವಿವೇಕ. ರೋಗವಿಲ್ಲದವನು ಏತಕ್ಕೆ ಹೊರಬೇಕು? ನಾಲಿಗೆಯೇ ಬಂಡವಾಳವಾದ ನಮ್ಮಂಥ ಮೇಷ್ಟರುಗಳಿಗೆ, ಹಾಡುವವರಿಗೆ, ವಕೀಲರಿಗೆ ಈ ಪ್ರಶ್ನೆಯ ಭಾರ ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯಲೋಕಕ್ಕೆ ಹಲ್ಲು ಕೀಳುವ ಹುಚ್ಚು ಹಿಡಿದದ್ದು ಇದೇ ಮೊದಲಲ್ಲ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಕೆನಡದ ಮಾಂಟ್ರಿಯಲ್ಲಿನಲ್ಲಿ ಭಾಷಣ ಮಾಡಿ, ಕೊಳೆತ ಬೇರುಗಳ ಮೇಲೆ ಕೂರಿಸಿದ ಚಿನ್ನದ ಹಲ್ಲುಗಳೇ ದೇಹದ ಹಲವು ರೋಗಗಳಿಗೆ ಮೂಲವೆಂದು ಗುಡುಗಿದ. ಮಾತಿನಲ್ಲಿ ಸತ್ಯದ ಅಂಶವಿತ್ತು. ಆದರೆ ಅದು ಸಿದ್ಧಾಂತವಾಗಿ ಅಮೆರಿಕದಲ್ಲಿ ಹರಡಿದಾಗ ಕೀಲುನೋವಿಗೂ ಹಲ್ಲು ಕಿತ್ತರು, ಹೊಟ್ಟೆಹುಣ್ಣಿಗೂ ಹಲ್ಲು ಕಿತ್ತರು. ನ್ಯೂ ಜೆರ್ಸಿಯ ಟ್ರೆಂಟನ್ ನಗರದ ಮಾನಸಿಕ ಆಸ್ಪತ್ರೆಗೆ 1907ರಿಂದ 1930ರವರೆಗೆ ಮುಖ್ಯಸ್ಥನಾಗಿದ್ದ ಹೆನ್ರಿ ಕಾಟನ್ ಹುಚ್ಚಿಗೂ ಹಲ್ಲಿನ ಸೋಂಕೇ ಕಾರಣವೆಂದು ನಂಬಿ ರೋಗಿಗಳ ಸಾವಿರಾರು ಹಲ್ಲುಗಳನ್ನು ಕೀಳಿಸಿದ. ಹಲ್ಲು ಮುಗಿದ ಮೇಲೆ ಗಂಟಲಿನ ಗ್ರಂಥಿ, ಆಮೇಲೆ ದೊಡ್ಡ ಕರುಳು. ಹೊಟ್ಟೆ ಕೊಯ್ಸಿಕೊಂಡವರಲ್ಲಿ ಬಹಳ ಮಂದಿ ಸತ್ತರು. ಅವನು ಮೋಸಗಾರನಲ್ಲ, ತನ್ನ ಹಲ್ಲನ್ನೂ ತನ್ನ ಮಕ್ಕಳ ಹಲ್ಲನ್ನೂ ಕೀಳಿಸಿದಷ್ಟು ಪ್ರಾಮಾಣಿಕ! 1920ರ ದಶಕದಲ್ಲಿ ಫಿಲ್ಲಿಸ್ ಗ್ರೀನೇಕರ್ ಎಂಬ ವೈದ್ಯೆ ಅಲ್ಲಿಯ ದಾಖಲೆಗಳನ್ನೂ ರೋಗಿಗಳನ್ನೂ ಪರೀಕ್ಷಿಸಿ, ಅವನು ಸಾರಿದಂತೆ ಯಾರೂ ಗುಣವಾಗುತ್ತಿಲ್ಲವೆಂದು ಕಂಡುಹಿಡಿದಳು. ಆ ವರದಿಯನ್ನು ಮೇಲಿನವರು ಬೆಳಕಿಗೆ ತರಲಿಲ್ಲ. ಪ್ರಾಮಾಣಿಕತೆಯೊಂದೇ ವೈದ್ಯನಿಗೆ ಸಾಲದು, ಲೆಕ್ಕವೂ ಬೇಕು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ವಸಡಿನ ರೋಗಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆಯೆಂದು ಇಂದೂ ಒಪ್ಪುತ್ತಾರೆ. ಆದರೆ ಅದಕ್ಕೆ ಮದ್ದು ವಸಡಿನ ಶುಶ್ರೂಷೆ, ಬಾಯಿ ಬರಿದುಮಾಡುವುದಲ್ಲ.

ರೂಢಿ ಬದಲಾಗುವುದಿಲ್ಲ ಎನ್ನುವವರು ಇಂಗ್ಲೆಂಡನ್ನೇ ನೋಡಲಿ. 1968ರ ಸಮೀಕ್ಷೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ವಯಸ್ಕರಲ್ಲಿ ನೂರಕ್ಕೆ 37 ಜನರಿಗೆ ಸ್ವಂತ ಹಲ್ಲು ಒಂದೂ ಇರಲಿಲ್ಲ. ಮುಂದೆ ತೊಂದರೆ, ಖರ್ಚು ಬೇಡವೆಂದು ಮದುವೆಗೆ ಮುಂಚೆಯೇ ಹುಡುಗಿಯ ಹಲ್ಲುಗಳನ್ನೆಲ್ಲ ಕೀಳಿಸಿ ಕಟ್ಟಿದ ಹಲ್ಲು ಹಾಕಿಸುವ ಮನೆಗಳೂ ಅಲ್ಲಿದ್ದವು. 2009ರ ಸಮೀಕ್ಷೆಯ ಹೊತ್ತಿಗೆ ಹಲ್ಲಿಲ್ಲದವರ ಪ್ರಮಾಣ ನೂರಕ್ಕೆ 6ಕ್ಕೆ ಇಳಿದಿತ್ತು. ಆ ಜನರ ಹಲ್ಲಿನ ಜಾತಿ ಬದಲಾಗಲಿಲ್ಲ. ಫ್ಲೋರೈಡಿನ ಟೂತ್‌ಪೇಸ್ಟ್ ಬಂತು, ಹುಳುಕನ್ನು ಮೊದಲೇ ತುಂಬಿಸುವ ಅಭ್ಯಾಸ ಬಂತು, ಹಲ್ಲು ಉಳಿಯತಕ್ಕದ್ದು ಎಂಬ ನಂಬಿಕೆ ಬಂತು.

ಇನ್ನು ನಮ್ಮ ಕಡೆಗೆ ಬರೋಣ. ವೈದ್ಯರನ್ನಷ್ಟೇ ಬೈದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ‘ಕಿತ್ತುಬಿಡಿ ಡಾಕ್ಟರೇ’ ಎಂದು ದುಂಬಾಲು ಬೀಳುವವರು ನಾವೇ. ಹಲ್ಲು ಜುಂ ಎಂದ ದಿನ ಹೋಗುವುದಿಲ್ಲ. ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತರುತ್ತೇವೆ, ಲವಂಗ ಕಚ್ಚುತ್ತೇವೆ, ಹೊಗೆಸೊಪ್ಪು ಒತ್ತುತ್ತೇವೆ. ಆರು ತಿಂಗಳಾದ ಮೇಲೆ ಕೆನ್ನೆ ಊದಿಸಿಕೊಂಡು ಹೋದಾಗ, ಬೇರಿನ ನಾಳವನ್ನು ಶುದ್ಧಮಾಡಿ ತುಂಬಿ ಟೋಪಿ ಹಾಕಿದರೆ ಹಲ್ಲು ಉಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆ ರೂಟ್ ಕೆನಾಲಿನ ಖರ್ಚು ಕೀಳುವುದರ ಖರ್ಚಿಗೆ ಹಲವು ಪಟ್ಟು. ಒಡನೆ ನಮ್ಮ ಗಣಿತ ಜಾಗೃತವಾಗುತ್ತದೆ. ಮಗಳ ಮದುವೆಯ ಛತ್ರಕ್ಕೆ ಲಕ್ಷಗಳನ್ನು ಸುರಿದವರು ಮನೆಯ ಹಿರಿಯಳ ದವಡೆ ಹಲ್ಲಿನ ಮುಂದೆ ಮಿತವ್ಯಯಿಗಳಾಗುತ್ತಾರೆ. ‘ಈ ವಯಸ್ಸಿನಲ್ಲಿ ಅವರಿಗೇಕೆ ಅದೆಲ್ಲ?’ ಕಿತ್ತ ಜಾಗ ಖಾಲಿ ಉಳಿಯುತ್ತದೆ. ಪಕ್ಕದ ಹಲ್ಲುಗಳು ಆ ಕಡೆ ವಾಲುತ್ತವೆ, ಎದುರಿನ ಹಲ್ಲು ಆಸರೆಯಿಲ್ಲದೆ ಇಳಿಯುತ್ತದೆ, ಅಗಿಯುವುದೆಲ್ಲ ಒಂದೇ ಕಡೆಗೆ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಅಜ್ಜಿ ಚಕ್ಕುಲಿ ಬಿಡುತ್ತಾಳೆ, ರೊಟ್ಟಿ ಬಿಡುತ್ತಾಳೆ, ಕೊನೆಗೆ ಗಂಜಿಗೆ ಇಳಿಯುತ್ತಾಳೆ. ಆಗ ನಾವು ಅದಕ್ಕೆ ವಯಸ್ಸು ಎಂದು ಹೆಸರಿಡುತ್ತೇವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಚಾಳಿಗೆ ವೈದ್ಯರೇನು ಮಾಡಿಯಾರು?

ಇನ್ನೊಂದು ಗುಂಪು ಇದಕ್ಕೆ ತದ್ವಿರುದ್ಧ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂದು ಹೆದರಿ, ಕೀಳಲೇಬೇಕಾದದ್ದನ್ನೂ ಬಾಯಲ್ಲಿ ಕೊಳೆಸುವವರು. ಈ ಭಯವನ್ನು ಹಳ್ಳಿಯ ಮೌಢ್ಯವೆಂದು ನಗುವವರಿಗೆ ಒಂದು ಮಾತು. ಇದರ ವಂಶ ಬಹಳ ದೊಡ್ಡದು. ಮೇಲಿನ ಹಲ್ಲನ್ನು ಕಿತ್ತರೆ ರಕ್ತ ಮಿತಿಮೀರಿ ಹೋಗಿ ಒಂದು ಕಣ್ಣು ಕುರುಡಾಗಬಹುದು, ಮುಖ ವಕ್ರವಾಗಬಹುದು. ಆದ್ದರಿಂದ ಅಲುಗಾಡುತ್ತಿದ್ದರೂ ಅದನ್ನು ಕೀಳಬಾರದೆಂದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲೇ ಇದೆ. ರಕ್ತ ನಿಲ್ಲಿಸುವ ಇಂದಿನ ಸಾಧನಗಳಾಗಲಿ, ಮರವಿನ ಸೂಜಿಯಾಗಲಿ ಇಲ್ಲದ ಕಾಲದಲ್ಲಿ ಅದು ಎಚ್ಚರದ ಮಾತು. ಇಂದು ನಮಗೆ ಗೊತ್ತು: ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ; ಕ್ರಮವಾಗಿ ಹಲ್ಲು ಕಿತ್ತರೆ ಕಣ್ಣು ಮಂಜಾಗುವುದಿಲ್ಲ. ಸುಶ್ರುತನಿಂದ ನಾವು ಕಲಿಯಬೇಕಾದದ್ದು ಅವನ ಭಯವನ್ನಲ್ಲ, ಕೀಳುವ ಮುಂಚೆ ಪರಿಣಾಮವನ್ನು ಎಣಿಸುವ ಅವನ ಅಭ್ಯಾಸವನ್ನು.

ಆರೋಗ್ಯದ ಹಲ್ಲನ್ನು ಕೀಳಿಸಿಕೊಂಡು ಬರುವ ಹುಡುಗಿ, ಉಳಿಯಬಹುದಾಗಿದ್ದ ಹಲ್ಲನ್ನು ಕಳೆದುಕೊಂಡ ಅಜ್ಜಿ, ಕೊಳೆತ ಹಲ್ಲನ್ನು ಕಾಪಾಡುತ್ತ ಜ್ವರ ಬರಿಸಿಕೊಳ್ಳುವ ಮಾವ, ಈ ಮೂವರೂ ಒಂದೇ ಮನೆಯಲ್ಲಿ ಸಿಕ್ಕುತ್ತಾರೆ. ಮೂವರ ರೋಗವೂ ಒಂದೇ: ಯಾರೂ ಏಕೆ ಎಂದು ಕೇಳಲಿಲ್ಲ, ಯಾರಿಗೂ ಏಕೆ ಎಂದು ಯಾರೂ ಹೇಳಲಿಲ್ಲ. ಇಲ್ಲಿಗೆ ನನ್ನ ಸ್ವಂತ ಕಸುಬಿನ ಗಡಿ ಬಂತು. ಶಸ್ತ್ರಕ್ರಿಯೆಗೆ ರೋಗಿಯ ಒಪ್ಪಿಗೆ ಬೇಕು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ಮಾರ್ಗ, ಅಪಾಯ, ಚಿಕಿತ್ಸೆ ಬೇಡವೆಂದರೆ ಆಗುವುದೇನು, ಇಷ್ಟನ್ನೂ ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅರ್ಥವಾಗದ ನುಡಿಯಲ್ಲಿ ಅಚ್ಚು ಹಾಕಿಸಿದ ಕಾಗದ ಏನನ್ನು ತಿಳಿಸೀತು? ಅದರ ಕೆಳಗೆ ಬಿದ್ದ ರುಜು ಒಪ್ಪಿಗೆಯಲ್ಲ, ಹಸ್ತಾಕ್ಷರದ ಅಭ್ಯಾಸ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದಗಳಿಲ್ಲ ಎಂಬ ಹಳೆಯ ನೆಪವನ್ನು ದಯವಿಟ್ಟು ಯಾರೂ ತೆಗೆಯಬಾರದು. ಬಾಚಿ ಹಲ್ಲು, ಕೋರೆ ಹಲ್ಲು, ದವಡೆ ಹಲ್ಲು, ಹಾಲು ಹಲ್ಲು, ವಸಡು, ಹುಳುಕು, ಬಾವು, ಕೀವು, ಜೋಮು: ನಮ್ಮ ಅಜ್ಜಿಯರ ಬಾಯಲ್ಲಿ ಹಲ್ಲಿಲ್ಲದಾಗಲೂ ಈ ಮಾತುಗಳಿದ್ದವು. ಎಕ್ಸ್‌ರೇ, ರೂಟ್ ಕೆನಾಲ್ ಎಂಬುವು ಈಗ ಕನ್ನಡವೇ. ‘ನಿಮ್ಮ ಕೆಳಗಿನ ತುಟಿ ಜೋಮು ಹಿಡಿಯಬಹುದು, ಸಾಮಾನ್ಯವಾಗಿ ವಾಸಿಯಾಗುತ್ತದೆ, ಅಪರೂಪಕ್ಕೆ ಹಾಗೆಯೇ ಉಳಿಯಬಹುದು’ ಎನ್ನಲು ಯಾವ ಪರಿಭಾಷೆಯ ಕೋಶವೂ ಬೇಡ. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಹುಟ್ಟಿದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ಅಂದಿನಿಂದ ಈ ನಾಡಿನಲ್ಲಿ ಎಷ್ಟೋ ದಂತವೈದ್ಯರು ತಯಾರಾಗಿದ್ದಾರೆ. ಅವರ ಕೈಚಳಕ ಯಾರಿಗೂ ಕಡಿಮೆಯಲ್ಲ. ಅವರ ಕೈಗೆ ಕನ್ನಡದ ಒಂದು ಪುಟದ ಒಪ್ಪಿಗೆ ಪತ್ರ ಕೊಡುವುದು ಇಷ್ಟು ವರ್ಷಗಳಲ್ಲಿ ಆಗಬಾರದ ಕೆಲಸವಾಗಿತ್ತೇ?

ಅದು ಬರುವವರೆಗೆ ವಾಚಕರು ಕಾಯಬೇಕಾಗಿಲ್ಲ. ಕೀಳಬೇಕೆಂದು ವೈದ್ಯರು ಹೇಳಿದಾಗ ನಾಲ್ಕು ಪ್ರಶ್ನೆ ಕೇಳಿ: ಈ ಹಲ್ಲಿಗೆ ಈಗ ಇರುವ ರೋಗವೇನು? ಕೀಳದೆ ಉಳಿಸುವ ದಾರಿಯುಂಟೇ? ಕಿತ್ತರೆ ನನಗೆ ಆಗಬಹುದಾದ ಕೆಡುಕೇನು? ಕೀಳದೆ ಬಿಟ್ಟರೆ ಆಗುವುದೇನು, ಎಷ್ಟು ದಿನಕ್ಕೊಮ್ಮೆ ತೋರಿಸಬೇಕು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಂತೋಷಪಡುತ್ತಾರೆ. ಸಿಡುಕುವವರಿದ್ದರೆ ಊರಿನಲ್ಲಿ ಇನ್ನೊಬ್ಬರಿದ್ದಾರೆ. ಮುಖ ಊದಿ ಜ್ವರವೇರಿದ ಹೊತ್ತಲ್ಲದಿದ್ದರೆ, ಇನ್ನೊಬ್ಬರ ಅಭಿಪ್ರಾಯ ಪಡೆಯುವಷ್ಟು ಸಮಯವೂ ಇದೆ.

ಹಾಲು ಹಲ್ಲು ಬಿದ್ದರೆ ಮತ್ತೆ ಬರುತ್ತದೆ. ಆಮೇಲಿನದು ಹೋದರೆ ಹೋಯಿತು. ಮನುಷ್ಯನಿಗೆ ಎರಡನೆಯ ಅವಕಾಶ ಕೊಟ್ಟ ಪ್ರಕೃತಿ ಮೂರನೆಯದನ್ನು ಕೊಟ್ಟಿಲ್ಲ. ಆದ್ದರಿಂದ ವೈದ್ಯರ ಕುರ್ಚಿಯಲ್ಲಿ ಕುಳಿತಾಗ ಇಕ್ಕಳಕ್ಕಾಗಿ ಬಾಯಿ ತೆರೆಯುವ ಮುಂಚೆ ಪ್ರಶ್ನೆಗಾಗಿ ಬಾಯಿ ತೆರೆಯೋಣ. ಬುದ್ಧಿ ಹಲ್ಲು ಹುಟ್ಟಿದ್ದಕ್ಕೆ ಅಷ್ಟಾದರೂ ಗುರುತು ಬೇಡವೇ?